ಒಂದೇ ಪಾತ್ರೆ, ಎರಡು ಲೋಟ



ಇದು ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ. ಪೂರ್ತಿ ಓದಿದ ಮೇಲೆ ಬೈಯೋರು ಬೈರಿ, ಬೇಜಾರಿಲ್ಲ.

ಏಪ್ರಿಲ್ 14ರ ಸಂಜೆ ಮೆರವಣಿಗೆ ಮುಗಿಸಿ ಬಿಳಿಕೆರೆಯಲ್ಲಿ, ಹಾಸನದ ರಸ್ತೆ ಕವಲೊಡೆಯೋ ಕಡೆ, ಟೀ ಕುಡೀತಾ ನಿಂತಿದ್ವಿ. ಸಂಘಟನೆಗೆ ಹೊಸದಾಗಿ ಬಂದಿರೋ ಒಬ್ಬ ಹುಡುಗ ಎಲ್ಲರ ಮುಂದೇನೇ ಕೇಳಿದ. "ಅಣ್ಣ, ನೀವು ಚರ್ಚಲ್ಲಿ ಸಭೆ ಹಿರಿಯರಂತೆ. ಅಲ್ಲಿ ಜಾತಿ ಇಲ್ಲ ಅನ್ನೋದಾದ್ರೆ ನೀವು ದಲಿತ ಹೆಂಗಾದ್ರಿ? ಜಾತಿ ಇದೆ ಅನ್ನೋದಾದ್ರೆ ಅಲ್ಲಿ ಯಾಕಿದೀರಿ?"

ಎಲ್ರೂ ನಕ್ಕರು. ನಾನೂ ನಕ್ಕೆ. ಇಪ್ಪತ್ತು ವರ್ಷದಿಂದ ಮೈಕ್ ಹಿಡಿದು ಮಾತಾಡೋನು, ಅವತ್ತು ಆ ಹುಡುಗನಿಗೆ ಉತ್ತರ ಕೊಡಕ್ಕೆ ಆಗಲಿಲ್ಲ. "ಇನ್ನೊಂದ್ಸಲ ಹೇಳ್ತೀನಿ ತಮ್ಮ" ಅಂತ ತೇಲಿಸಿಬಿಟ್ಟೆ. ಮುಂದಿನ ತಿಂಗಳ ಮೊದಲನೇ ಭಾನುವಾರ ಒಬ್ಬ ಅಜ್ಜಿ ಅದೇ ಪ್ರಶ್ನೆಯನ್ನ ಬೇರೆ ಥರ ಕೇಳಿದಳು. ಅದಾದ ಮೇಲೆ ಸುಮ್ಮನಿರಕ್ಕೆ ಆಗ್ತಾ ಇಲ್ಲ, ಅದಕ್ಕೇ ಬರೀತಿದೀನಿ.

ಕ್ರೈಸ್ತರಲ್ಲದ ಗೆಳೆಯರಿಗೋಸ್ಕರ ಸ್ವಲ್ಪ ಹಿನ್ನೆಲೆ ಹೇಳಬೇಕು. ಸಭೆ ಹಿರಿಯ ಅಂದ್ರೆ ಪೂಜಾರಿ ಅಲ್ಲ, ಪಾಸ್ಟರೂ ಅಲ್ಲ. ಸಭೆಯವರೇ ಆರಿಸಿದ ಕಮಿಟಿ ಸದಸ್ಯ. ಕಾಣಿಕೆ ಎಣಿಸೋದು, ಕಾಯಿಲೆ ಬಿದ್ದವರನ್ನ ನೋಡ್ಕೊಂಡು ಬರೋದು, ಯಾರಾದ್ರೂ ತೀರ್ಕೊಂಡ್ರೆ ಗುಂಡಿ ತೆಗೆಸೋದು, ಇಂಥ ಕೆಲಸ. ನಾನು ಆಫೀಸಲ್ಲಿ ಗುಮಾಸ್ತ ಆಗಿರೋದ್ರಿಂದ ನಡಾವಳಿ ಪುಸ್ತಕ ಬರೆಯೋದೂ ನನ್ನ ಪಾಲಿಗೇ ಬಂದಿದೆ. ನಮ್ಮ ಸಭೆಯ ಹೆಸರು, ಅದು ಯಾವ ಮಿಷನ್ನಿಗೆ ಸೇರಿದ್ದು ಅನ್ನೋದು ಇಲ್ಲಿ ಬೇಡ. ಹೆಸರು ಹೇಳಿದರೆ "ಓ ಅವರಾ, ಅವರು ಹಂಗೇ ಬಿಡಿ" ಅಂತ ಉಳಿದ ಸಭೆಗಳೆಲ್ಲ ಕೈ ತೊಳ್ಕೊಂಡು ಬಿಡ್ತವೆ.

ತಿಂಗಳಿಗೊಂದು ಭಾನುವಾರ ನಮ್ಮಲ್ಲಿ ಕರ್ತನ ಭೋಜನ ನಡೆಯುತ್ತೆ. ಯೇಸು ಶಿಲುಬೆಗೆ ಹೋಗೋ ಹಿಂದಿನ ರಾತ್ರಿ ಶಿಷ್ಯರ ಜೊತೆ ಊಟಕ್ಕೆ ಕೂತು, ರೊಟ್ಟಿ ಮುರಿದು ಕೊಟ್ಟು, ಒಂದೇ ಪಾತ್ರೆಯನ್ನ ಎಲ್ಲರಿಗೂ ದಾಟಿಸಿದ. ದುಡ್ಡಿಗೆ ಹಿಡಿದುಕೊಟ್ಟ ಯೂದ, ಬೆಳಗಾಗೋದ್ರೊಳಗೆ ಅವನು ನಂಗೆ ಗೊತ್ತೇ ಇಲ್ಲ ಅಂದ ಪೇತ್ರ, ಇಬ್ಬರೂ ಆ ಪಂಕ್ತಿಯಲ್ಲೇ ಇದ್ದರು. ಅದರ ನೆನಪಿಗೆ ಈ ಭೋಜನ. ಅಯ್ಯನವರು ರೊಟ್ಟಿ ಕೊಡ್ತಾರೆ. ಆಮೇಲೆ ದ್ರಾಕ್ಷಾರಸದ ಪಾತ್ರೆ ಸಾಲಿನಲ್ಲಿ ಬರುತ್ತೆ. ಒಬ್ಬರು ಗುಟುಕು ಕುಡಿದ ಮೇಲೆ ಅಂಚನ್ನ ಬಿಳಿ ಬಟ್ಟೆಯಲ್ಲಿ ಒರೆಸಿ, ಪಾತ್ರೆಯನ್ನ ಒಂಚೂರು ತಿರುಗಿಸಿ, ಪಕ್ಕದವರ ತುಟಿಗೆ ಹಿಡೀತಾರೆ. ಕೊನೆಗೆ ಉಳಿದದ್ದನ್ನ ಚೆಲ್ಲೋ ಹಾಗಿಲ್ಲ. ಅಲ್ಲೇ ಯಾರಾದರೂ ಕುಡಿದು ಮುಗಿಸಬೇಕು.

ಈಗ ಇದನ್ನ ನಮ್ಮ ಕಣ್ಣಿಂದ ನೋಡಿ. ನಮ್ಮ ನಾಡಲ್ಲಿ ಜಾತಿ ನಿಂತಿರೋದೇ ಎಂಜಲಿನ ಮೇಲೆ. ಯಾರು ಮುಟ್ಟಿದ ನೀರು ಯಾರು ಕುಡೀಬಹುದು, ಯಾರು ಉಂಡ ತಟ್ಟೆ ಯಾರು ತೊಳೀಬೇಕು ಅನ್ನೋದೇ ಇಲ್ಲಿಯ ಮೊದಲನೇ ಕಾನೂನು. ಎಂಜಲು ಯಾವಾಗಲೂ ಮೇಲಿಂದ ಕೆಳಕ್ಕೇ ಹರಿಯೋದು. ಕುಕ್ಕೆಯಲ್ಲಿ ಬ್ರಾಹ್ಮಣರು ಉಂಡೆದ್ದ ಎಲೆ ಮೇಲೆ ಮಿಕ್ಕವರು ಉರುಳೋ ಮಡೆಸ್ನಾನವನ್ನ ನಾವೆಲ್ಲ ಬೀದಿಗಿಳಿದು ವಿರೋಧ ಮಾಡಿದ್ವಲ್ಲ, ಯಾಕೆ? ಆ ಎಂಜಲು ಒಂದೇ ದಿಕ್ಕಿಗೆ ಹರಿಯುತ್ತೆ ಅಂತ. ಅಂಥ ನಾಡಲ್ಲಿ, ನನ್ನ ತುಟಿ ಮುಟ್ಟಿದ ಪಾತ್ರೆಯಲ್ಲಿ ನನಗಿಂತ 'ಮೇಲಿನ' ಮನೆಯವನು ಕುಡಿದು, ಅವನಾದ ಮೇಲೆ ನನಗಿಂತ 'ಕೆಳಗಿನ' ಮನೆಯವಳು ಕುಡಿದು, ಕೊನೆಗೆ ಎಲ್ಲರ ಎಂಜಲನ್ನ ಒಬ್ಬ ಕುಡಿದು ಮುಗಿಸೋ ಒಂದು ಆಚರಣೆ ಇದೆ ಅಂದ್ರೆ ಅದು ಸಣ್ಣ ವಿಷಯ ಅಲ್ಲ. ಸಹಪಂಕ್ತಿ ಭೋಜನದಲ್ಲೂ ಅವರವರ ಎಲೆ ಅವರವರದ್ದೇ. ಇಲ್ಲಿ ಲೋಟಾನೂ ಒಂದೇ.

ಇದರ ಬೆಲೆ ನನಗೆ ಗೊತ್ತಿರೋದು ಪುಸ್ತಕದಿಂದಲ್ಲ. ನಾನು ಆರೇಳು ವರ್ಷದವನಿದ್ದಾಗ ಹುಣಸೂರು ಕಡೆಯ ಒಂದು ಹಳ್ಳಿ ಹೋಟ್ಲಿಗೆ ಅಪ್ಪ ಕರ್ಕೊಂಡು ಹೋಗ್ತಿದ್ದ. ಒಳಗೆ ಗಾಜಿನ ಲೋಟ. ನಮಗೆ ಹೊರಗೆ, ಸೂರಿನ ಕೆಳಗೆ ಸಿಕ್ಕಿಸಿದ್ದ ಅಲ್ಯೂಮಿನಿಯಂ ಲೋಟ. ಕುಡಿದು ನಾವೇ ತೊಳೆದು ಮತ್ತೆ ಸಿಕ್ಕಿಸಬೇಕು. ಅಪ್ಪ ದೀಕ್ಷಾಸ್ನಾನ ಪಡೆದು ಬೈಬಲ್ಲಿನ ಹೆಸರು ಇಟ್ಕೊಂಡಿದ್ದ. ಹೋಟ್ಲಿನವನಿಗೆ ಆ ಹೆಸರು ಚೆನ್ನಾಗಿ ಗೊತ್ತಿತ್ತು, ಆ ಹೆಸರಲ್ಲೇ ಕೂಗ್ತಿದ್ದ. ಲೋಟ ಮಾತ್ರ ಬೇರೆ. ಒಂದಿನ ಸೂರಿನ ಕೆಳಗೆ ಎರಡು ಥರದ ಲೋಟ ಇದ್ವು. ಅಪ್ಪ ಗೊಂದಲಕ್ಕೆ ಬಿದ್ದು ಕೇಳಿದ. "ನಮ್ ಲೋಟ ಯಾವ್ದು ಬುದ್ಧಿ?"

ಆ ಮಾತು ನೆನಪಲ್ಲಿಟ್ಕೊಳ್ಳಿ. ಮತ್ತೆ ಬರುತ್ತೆ.

ಅಪ್ಪ ಚರ್ಚಿಗೆ ಹೋಗಿದ್ದು ಗೋಧಿಗೋ ಹಾಲಿನ ಪುಡಿಗೋ ಅಂತ ಇವತ್ತಿಗೂ ಆಡ್ಕೊಳ್ಳೋರಿದ್ದಾರೆ. ಅವನು ನನಗೆ ಹೇಳಿದ್ದು ಬೇರೆ. ಮೊದಲ ಸಲ ಆ ಪಾತ್ರೆ ತುಟಿಗೆ ಬಂದಾಗ ಅವನು ಕೈ ಚಾಚಿ ಬೊಗಸೆ ಒಡ್ಡಿದನಂತೆ, ಮೇಲಿಂದ ಹುಯ್ತಾರೆ ಅಂದ್ಕೊಂಡು. ಅಯ್ಯನವರು ಅವನ ಕೈ ಕೆಳಗಿಳಿಸಿ ಪಾತ್ರೆಯನ್ನ ಬಾಯಿಗೇ ಹಿಡಿದರಂತೆ. ಅಷ್ಟೇ ಅವನ ಸಾಕ್ಷಿ. ಬೇರೆ ದರ್ಶನ, ಪವಾಡ ಯಾವುದನ್ನೂ ಅವನು ಹೇಳಿದ್ದು ನಾನು ಕೇಳಿಲ್ಲ.

ಈಗ ನಡೆದ ಸಂಗತಿಗೆ ಬರ್ತೀನಿ.

2020ರಲ್ಲಿ ಕೊರೊನಾ ಬಂತು. ಎಲ್ಲ ಕಡೆ ಆದಂಗೆ ನಮ್ಮಲ್ಲೂ ಒಂದೇ ಪಾತ್ರೆ ನಿಂತಿತು. ಸರಿಯಾದ ತೀರ್ಮಾನವೇ. ಆಮೇಲೆ ಸಣ್ಣ ಸಣ್ಣ ಪ್ಲಾಸ್ಟಿಕ್ ಲೋಟ ಬಂದ್ವು, ಕೆಮ್ಮಿನ ಔಷಧಿ ಬಾಟಲಿ ಮುಚ್ಚಳದಷ್ಟು ಗಾತ್ರದವು. ಈ ಸಣ್ಣ ಲೋಟ ಹೊಸದೇನಲ್ಲ. 19ನೇ ಶತಮಾನದ ಕೊನೆಯಲ್ಲಿ, ರೋಗಾಣು ಅನ್ನೋದು ಜನಕ್ಕೆ ಗೊತ್ತಾದ ಕಾಲದಲ್ಲಿ, ಅಮೆರಿಕದ ಸಭೆಗಳಲ್ಲಿ ಶುರುವಾದದ್ದು. ನಮ್ಮಲ್ಲೂ ಕೆಲವು ಪಂಗಡಗಳು ಮೊದಲಿಂದಲೂ ಅದನ್ನೇ ಬಳಸ್ತವೆ. ಅವರ ಬಗ್ಗೆ ನನ್ನ ತಕರಾರಿಲ್ಲ. ಎಲ್ಲರಿಗೂ ಒಂದೇ ಥರದ್ದು ಅಂದ್ಮೇಲೆ ಸಣ್ಣದಾದ್ರೇನು ದೊಡ್ಡದಾದ್ರೇನು.

ಕೊರೊನಾ ಹೋಯ್ತು. ಮದುವೆ ಊಟ ಮೊದಲಿನಂಗಾಯ್ತು, ಜಾತ್ರೆ ನಡೆದ್ವು, ದೋರನಹಳ್ಳಿಯ ಸಂತ ಅಂತೋಣಿ ಹಬ್ಬಕ್ಕೆ ಜೂನ್ 13ಕ್ಕೆ ಮೊದಲಿನಂಗೇ ಜನ ಸೇರಿದರು. ನಮ್ಮ ಸಭೆಯಲ್ಲಿ ಪಾತ್ರೆ ಮಾತ್ರ ಬೀರುವಿನಿಂದ ಆಚೆ ಬರಲಿಲ್ಲ. ಈ ವರ್ಷ ನಾನೇ ಕಮಿಟಿಯಲ್ಲಿ ಎತ್ತಿದೆ. ಪಾತ್ರೆ ವಾಪಸ್ ತರೋಣ, ಕಾಯಿಲೆ ಇರೋರು ರೊಟ್ಟಿ ಮಾತ್ರ ತಗೊಳ್ಳಲಿ ಅಂತ. ಒಬ್ಬರು ಸ್ವಚ್ಛತೆ ಅಂದರು. ಇನ್ನೊಬ್ಬರು "ಈಗ ಹೊಸಬರು ಜಾಸ್ತಿ ಬತ್ತಾವ್ರೆ, ಯಾರು ಯಾರು ಹೆಂಗೋ ಏನೋ" ಅಂದರು. ಆ ಮಾತನ್ನ ಯಾರೂ ಮುಂದುವರಿಸಲಿಲ್ಲ, ಯಾರೂ ತಡೀಲೂ ಇಲ್ಲ. ಕೊನೆಗೆ ಒಬ್ಬ ಹಿರಿಯರು ರಾಜಿ ಮಾಡಿದರು. ಎರಡೂ ಇಡೋಣ, ಎಡಗಡೆ ಪಾತ್ರೆ, ಬಲಗಡೆ ಸಣ್ಣ ಲೋಟ, ಯಾರಿಗೆ ಯಾವುದು ಬೇಕೋ ತಗೊಳ್ಳಲಿ, ಬಲವಂತ ಬೇಡ ಅಂತ.

ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. "ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅಂತ ನಡಾವಳಿ ಬರೆದ ಕೈ ನನ್ನದೇ. ಕೆಳಗೆ ಸಹಿಯೂ ನನ್ನದೇ. ನನ್ನ ಕೈಯಾರೆ ನಾನು ಏನು ಬರೆದೆ ಅನ್ನೋದು ಆ ರಾತ್ರಿ ಹೊಳೀಲಿಲ್ಲ ನೋಡಿ. ಮೊದಲನೇ ಭಾನುವಾರ ಹೊಳೀತು.

ಆ ಹೊಸಬರು ಯಾರು ಅಂತ ಬಿಡಿಸಿ ಹೇಳಬೇಕು. ಇಲ್ಲಿಂದ ಮುಂದೆ ಬರೆಯೋದು ನಮ್ಮವರಿಗೆ ನೋವಾಗುತ್ತೆ, ಆದರೂ ಬರೀತೀನಿ. ನಮ್ಮ ಸಭೆಯಲ್ಲಿ ಹಳೇ ಕುಟುಂಬಗಳಲ್ಲಿ ಹೆಚ್ಚಿನವು ನಮ್ಮವೇ, ಬಲಗೈನವು. ಒಂದೆರಡು ಮನೆ ಬೇರೆ ಜಾತಿಯಿಂದ ಬಂದವು, ಅವರು ತಮ್ಮ ಮೂಲ ಹೇಳ್ಕೊಳ್ಳದಿದ್ರೂ ಮಕ್ಕಳ ಮದುವೆ ಬಂದಾಗ ಎಲ್ಲರಿಗೂ ಗೊತ್ತಾಗುತ್ತೆ. ಹೊಸದಾಗಿ ಬರ್ತಿರೋದು ಎಡಗೈನ ನಾಲ್ಕೈದು ಮನೆ. ಹೊಗೆಸೊಪ್ಪಿನ ಹೊಲದಲ್ಲಿ, ಬ್ಯಾರನ್ನಲ್ಲಿ ಕೂಲಿ ಮಾಡೋರು.

ಆ ಭಾನುವಾರ ಎರಡು ಸಾಲಾದವು. ಬಲಗಡೆ ಸಣ್ಣ ಲೋಟದ ಸಾಲು ಬಾಗಿಲವರೆಗೂ ಬೆಳೀತು. ಅದರಲ್ಲಿ ನನ್ನ ಅಕ್ಕ ಇದ್ದಳು, ನನ್ನ ದೊಡ್ಡಪ್ಪನ ಸೊಸೆ ಇದ್ದಳು, ನನ್ನ ಜೊತೆ ಭೀಮ ಕೋರೆಗಾಂವ್ ದಿನಕ್ಕೆ ಬಾವುಟ ಹಿಡಿಯೋ ಹುಡುಗ ಇದ್ದ. ಎಡಗಡೆ ಪಾತ್ರೆ ಹತ್ತಿರ ನಾನು ಬಟ್ಟೆ ಹಿಡ್ಕೊಂಡು ನಿಂತಿದ್ದೆ. ಯಾರೂ ಬರಲಿಲ್ಲ. ಆ ಹೊಸ ಮನೆಗಳ ಒಬ್ಬ ಅಜ್ಜಿ, ಎಪ್ಪತ್ತು ದಾಟಿರಬಹುದು, ಎರಡೂ ಸಾಲನ್ನ ನೋಡಿದಳು. ಅಲ್ಲಿ ನಿಂತಿರೋರ ಮುಖ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ನಮ್ ಲೋಟ ಯಾವ್ದು ಮಗ?"

ನಲವತ್ತು ವರ್ಷ ಹಿಂದೆ ಸೂರಿನ ಕೆಳಗೆ ಅಪ್ಪ ಕೇಳಿದ ಮಾತು. ಅಕ್ಷರ ಅಕ್ಷರ ಅದೇ. ಕೊನೇಲಿ 'ಬುದ್ಧಿ' ಇದ್ದ ಜಾಗದಲ್ಲಿ 'ಮಗ'. ಅವತ್ತಿನ ಹೋಟ್ಲಿನವನ ಜಾಗದಲ್ಲಿ ನಾನು.

ಎರಡು ಲೋಟದ ಪದ್ಧತಿ ವಿರುದ್ಧ ಎಷ್ಟು ಹೋಟ್ಲ ಮುಂದೆ ಧರಣಿ ಕೂತಿದೀನಿ, ಎಷ್ಟು ಮನವಿ ಟೈಪ್ ಮಾಡಿದೀನಿ! ಅದೇ ನಾನು, ದೇವರ ಮೇಜಿನ ಮೇಲೆ ಎರಡು ಲೋಟ ಇಡೋ ಠರಾವನ್ನ ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಮಾಡಿದ್ದೆ.

"ಯಾರೂ ಬಲವಂತ ಮಾಡಲಿಲ್ಲವಲ್ಲ, ಅವರವರ ಇಷ್ಟ" ಅಂತ ಈಗಾಗಲೇ ನನಗೆ ಹೇಳ್ತಿದ್ದಾರೆ. ಸ್ವಾಮಿ, ಜಾತಿ ಯಾವಾಗ ತಾನೇ ಬಲವಂತ ಅಂತ ಹೇಳ್ಕೊಂಡು ಬಂದಿದೆ? ಹೋಟ್ಲಿನವನೂ ಅದನ್ನೇ ಹೇಳ್ತಿದ್ದ, ಅವರೇ ಹೊರಗೆ ಕೂರ್ತಾರೆ ನಾವೇನು ಮಾಡೋಣ ಅಂತ. ದೇವಸ್ಥಾನದವನೂ ಅದನ್ನೇ ಹೇಳ್ತಾನೆ, ಅವರೇ ಒಳಗೆ ಬರಲ್ಲ ಅಂತ. ಸ್ವಚ್ಛತೆ ಅನ್ನೋದಾದ್ರೆ ಎಲ್ಲರಿಗೂ ಸಣ್ಣ ಲೋಟ ಇಡಿ, ನಾನು ಮಾತಾಡಲ್ಲ. ನಂಬಿಕೆ ಅನ್ನೋದಾದ್ರೆ ಎಲ್ಲರಿಗೂ ಒಂದೇ ಪಾತ್ರೆ ಇಡಿ. ಎರಡನ್ನೂ ಇಟ್ಟು ಇಷ್ಟ ಬಂದದ್ದು ತಗೊಳ್ಳಿ ಅಂದ್ರೆ, ಈ ನೆಲದಲ್ಲಿ ಜನ ಏನನ್ನ ಆರಿಸ್ಕೊಳ್ತಾರೆ ಅಂತ ಎಲ್ಲರಿಗೂ ಮೊದಲೇ ಗೊತ್ತು.

ಬೈಬಲ್ ಓದಿದೀವಿ ಅನ್ನೋರಿಗೆ ಎರಡು ಕಥೆ ನೆನಪು ಮಾಡ್ತೀನಿ. ಕೊರಿಂಥ ಅನ್ನೋ ಊರಲ್ಲಿ ಸಭೆ ಕೂಡಿದಾಗ ಉಳ್ಳವರು ಮೊದಲೇ ಬಂದು ತಮ್ಮ ಬುತ್ತಿ ತಾವು ಉಂಡು ಕುಡಿದು ಮುಗಿಸ್ತಿದ್ದರು. ಇಲ್ಲದವರು ಬರೋ ಹೊತ್ತಿಗೆ ಏನೂ ಉಳೀತಿರಲಿಲ್ಲ. ಇದನ್ನ ಕರ್ತನ ಭೋಜನ ಅಂತ ಕರೀಬೇಡಿ ಅಂತಲೇ ಪೌಲ ಅವರಿಗೆ ಪತ್ರ ಬರೆದ. ಪಕ್ಕದವನನ್ನ ಗುರುತಿಸದೆ ಉಣ್ಣೋನು ತನ್ನ ಮೇಲೆ ತಾನೇ ತೀರ್ಪು ತಂದ್ಕೊಳ್ತಾನೆ ಅನ್ನೋದು ಆ ಪತ್ರದ ತಿರುಳು. ಎರಡನೇದು ಅಂತಿಯೋಕ್ಯದ್ದು. ಪೇತ್ರ ಅಲ್ಲಿ ಯೆಹೂದ್ಯರಲ್ಲದವರ ಜೊತೆ ಕೂತು ಉಣ್ತಿದ್ದ. ಯೆರೂಸಲೇಮಿನಿಂದ ಮಡಿವಂತರು ಬಂದ ತಕ್ಷಣ ಮೆಲ್ಲಗೆ ಎದ್ದು ಬೇರೆ ಪಂಕ್ತಿಗೆ ಹೋದ. ಪೌಲ ಎಲ್ಲರ ಮುಂದೆ ಅವನ ಮುಖಕ್ಕೇ ಬೈದ. ಸಭೆಯ ಮೊದಲ ದೊಡ್ಡ ಜಗಳವೊಂದು ನಡೆದಿದ್ದು ಯಾರ ಜೊತೆ ಉಣ್ಣಬೇಕು ಅನ್ನೋದರ ಮೇಲೇ. ಪೇತ್ರನಿಗೇ ಬೈಸ್ಕೊಳ್ಳೋದು ತಪ್ಪಲಿಲ್ಲ ಅಂದ್ಮೇಲೆ ನಮ್ಮ ಕಮಿಟಿ ಯಾವ ಲೆಕ್ಕ.

ನಮ್ಮ ಹಿರೀಕರಿಗೆ ಇದು ಕಲಿಯಕ್ಕೆ ಕೊರಿಂಥದವರೆಗೆ ಹೋಗಬೇಕಿರಲಿಲ್ಲ. ನೀಲಗಾರರು ರಾತ್ರಿಯಿಡೀ ಹಾಡೋ ಮಂಟೇಸ್ವಾಮಿ ಕಥೆ ಇದೆಯಲ್ಲ, ಅದೂ ಇದೇ. ಜಾತಿ ಬಿಟ್ಟಿದೀವಿ ಅಂದ ಶರಣರ ಕಲ್ಯಾಣಕ್ಕೆ ಮಂಟೇಸ್ವಾಮಿ ನಾರೋ ಕೊಳಕು ವೇಷದಲ್ಲಿ ಬರ್ತಾನೆ, ಬಾಗಿಲಲ್ಲೇ ತಡೀತಾರೆ. ಸಮಾನತೆ ಅಂತ ಹೇಳೋ ಪ್ರತಿ ಮನೆಯ ಬಾಗಿಲಿಗೂ ಒಂದಿನ ಮಂಟೇಸ್ವಾಮಿ ಬರ್ತಾನೆ. ನಮ್ಮ ಬಾಗಿಲಿಗೆ ಅಜ್ಜಿ ರೂಪದಲ್ಲಿ ಬಂದ.

ಚರ್ಚಿನೊಳಗೆ ಜಾತಿ ಇರೋದು ಇವತ್ತಿನದಲ್ಲ. ತಮಿಳುನಾಡಿನ ಹಳೇ ಸಭೆಗಳಲ್ಲಿ ಕೂರೋ ಜಾಗ ಬೇರೆ, ಭೋಜನಕ್ಕೆ ಬರೋ ಸರದಿ ಬೇರೆ ಇತ್ತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಜಾತಿಯನ್ನ ಪೂರ್ತಿ ಬಿಡಲೇಬೇಕು ಅಂತ ಸುತ್ತೋಲೆ ಕಳಿಸಿದಾಗ ಎಷ್ಟೋ ಮೇಲ್ಜಾತಿ ಕ್ರೈಸ್ತರು ಜಾತಿ ಬಿಡೋ ಬದಲು ಸಭೆಯನ್ನೇ ಬಿಟ್ಟು ಹೋದರು. 2008ರಲ್ಲಿ ಅದೇ ತಮಿಳುನಾಡಿನ ಎರೈಯೂರಿನಲ್ಲಿ ದಲಿತ ಕ್ರೈಸ್ತರಿಗೂ ವನ್ನಿಯ ಕ್ರೈಸ್ತರಿಗೂ ಜಗಳ ಬೆಳೆದು ಪೊಲೀಸ್ ಗೋಲಿಬಾರ್ ಆಗಿ ಹೆಣ ಬಿದ್ದವು. 2016ರಲ್ಲಿ ಕ್ಯಾಥೊಲಿಕ್ ಬಿಷಪ್ಪರ ಮಂಡಳಿಯೇ ತನ್ನೊಳಗೆ ಅಸ್ಪೃಶ್ಯತೆ ಇದೆ ಅಂತ ಒಪ್ಕೊಂಡು ದಲಿತರಿಗಾಗಿ ನೀತಿ ಪ್ರಕಟಿಸಿತು. ದೇಶದ ಸುಮಾರು 1.9 ಕೋಟಿ ಕ್ಯಾಥೊಲಿಕರಲ್ಲಿ 1.2 ಕೋಟಿ ದಲಿತರು ಅಂತ ಹೇಳಿದ್ದು ಆ ದಾಖಲೆಯೇ. ಅಷ್ಟು ಜನ ಇದ್ದೂ, ಹೈದರಾಬಾದಿನ ಆಂಥೋನಿ ಪೂಲಾ ಮೊದಲ ದಲಿತ ಕಾರ್ಡಿನಲ್ ಆಗಕ್ಕೆ 2022 ಬರಬೇಕಾಯ್ತು.

ಪ್ರೊಟೆಸ್ಟೆಂಟರು ಇದನ್ನ ಓದಿ ಖುಷಿ ಪಡೋದು ಬೇಡ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ್ ನಿರ್ಮಲ್ ಅವರು ಎದ್ದು ನಿಂತು, ಈ ದೇಶದ ಕ್ರೈಸ್ತ ದೈವಶಾಸ್ತ್ರ ಮೇಲ್ಜಾತಿಯವರ ಕಣ್ಣಿಂದ ಬರೆದದ್ದು, ನಮ್ಮ ದೈವಶಾಸ್ತ್ರ ನಾವೇ ಬರೀಬೇಕು ಅಂದರು. ದಲಿತ ದೈವಶಾಸ್ತ್ರ ಶುರುವಾದದ್ದು ನಮ್ಮದೇ ರಾಜ್ಯದಲ್ಲಿ. ಅದಾಗಿ ನಲವತ್ತು ವರ್ಷದ ಮೇಲಾಯ್ತು. ಕಾಲೇಜಿನ ಲೈಬ್ರರಿಯಿಂದ ಅದು ಬಿಳಿಕೆರೆ ಬಸ್ ಹತ್ತಿದ್ದನ್ನ ನಾನು ನೋಡಿಲ್ಲ.

ಈಗ ಸರ್ಕಾರದ ವಿಷಯ. ಇದು ಬೇರೆ ವಿಷಯ ಅಂದ್ಕೋಬೇಡಿ, ಇದೂ ಅದೇ ಪಾತ್ರೆಯ ವಿಷಯ.

1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ 3ನೇ ಪ್ಯಾರಾ, ಹಿಂದೂ ಧರ್ಮದಲ್ಲಿ ಇಲ್ಲದವರನ್ನ ಪರಿಶಿಷ್ಟ ಜಾತಿ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು. ಕ್ರೈಸ್ತ, ಮುಸ್ಲಿಂ ದಲಿತರು ಇವತ್ತಿಗೂ ಹೊರಗೆ. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲೀತಿದ್ದ ಸೂಸೈ ಅನ್ನೋರ ಕೇಸು ಓದಿ. ಸರ್ಕಾರ ಚಮ್ಮಾರರಿಗೆ ಪುಕ್ಕಟೆ ಪೆಟ್ಟಿಗೆ ಅಂಗಡಿ ಹಂಚಿತು. ಅದೇ ಜಾತಿ, ಅದೇ ರಸ್ತೆ, ಅದೇ ಕೆಲಸ ಮಾಡ್ತಿದ್ದ ಸೂಸೈಗೆ ಕೊಡಲಿಲ್ಲ, ಕ್ರೈಸ್ತ ಅಂತ. 1985ರಲ್ಲಿ ಸುಪ್ರೀಂ ಕೋರ್ಟು, ಮತಾಂತರ ಆದ ಮೇಲೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿ ಉಳಿದಿದೆ ಅಂತ ತೋರಿಸೋ ದಾಖಲೆ ಸಾಲದು ಅಂತ ಅರ್ಜಿ ವಜಾ ಮಾಡಿತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ 3ನೇ ಪ್ಯಾರಾ ತೆಗೀರಿ ಅಂದಿತು, ತೆಗೀಲಿಲ್ಲ. 2022ರಲ್ಲಿ ಬಾಲಕೃಷ್ಣನ್ ಆಯೋಗ ಮಾಡಿದರು. 2025ರಲ್ಲಿ ಆಂಧ್ರ ಹೈಕೋರ್ಟು, ಜಾತಿ ನಿಂದನೆ ಅಂತ ಒಬ್ಬ ಪಾಸ್ಟರ್ ಕೊಟ್ಟ ದೂರಿನಲ್ಲಿ, ಕ್ರೈಸ್ತನಾದವನು ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಕೇಳಂಗಿಲ್ಲ ಅಂದಿತು.

ನಮ್ಮ ಮನೆಯಲ್ಲೇ ನೋಡಿ. ದೊಡ್ಡಪ್ಪ ದೀಕ್ಷಾಸ್ನಾನ ಪಡೀಲಿಲ್ಲ, ಅಪ್ಪ ಪಡೆದ. ದೊಡ್ಡಪ್ಪನ ಮಗನ ಸರ್ಟಿಫಿಕೇಟಲ್ಲಿ ಆದಿ ಕರ್ನಾಟಕ, ಪರಿಶಿಷ್ಟ ಜಾತಿ. ನನ್ನದರಲ್ಲಿ ಪ್ರವರ್ಗ 1. ಬೈಯೋರು ಇಬ್ಬರನ್ನೂ ಒಂದೇ ಮಾತಲ್ಲಿ ಬೈತಾರೆ. ಅವನು ಸ್ಟೇಷನ್ನಿಗೆ ಹೋದರೆ ಒಂದು ಕಾಯ್ದೆ, ನಾನು ಹೋದರೆ ಇನ್ನೊಂದು. 2025ರ ಸೆಪ್ಟೆಂಬರಿನ ಜಾತಿ ಸಮೀಕ್ಷೆ ಹೊತ್ತಿಗೆ ಜಾತಿ ಹೆಸರಿನ ಮುಂದೆ ಕ್ರಿಶ್ಚಿಯನ್ ಅಂತ ಸೇರಿಸಿದ್ದಕ್ಕೆ ಎಷ್ಟು ಗಲಾಟೆ ಆಯ್ತು ನೆನಪಿದೆಯಲ್ಲ. ನಾವು ಇದೀವಿ ಅಂತ ಪಟ್ಟಿಯಲ್ಲಿ ಒಂದು ಸಾಲು ಬರೆದರೂ ತಡ್ಕೊಳ್ಳಕ್ಕೆ ಆಗಲಿಲ್ಲ ಇವರಿಗೆ.

ಈಗ ಸಭೆಯ ದೊಡ್ಡವರನ್ನ ಕೇಳ್ತೀನಿ. ಪ್ರತಿ ವರ್ಷ ಆಗಸ್ಟ್ 10ನ್ನ ಕರಾಳ ದಿನ ಅಂತ ಆಚರಿಸ್ತೀರಿ. ಕಪ್ಪು ಪಟ್ಟಿ ಕಟ್ಕೊಂಡು, ಮತಾಂತರ ಆದರೂ ಜಾತಿ ನಮ್ಮನ್ನ ಬಿಟ್ಟಿಲ್ಲ ಅಂತ ದೆಹಲಿಗೆ ಮನವಿ ಕಳಿಸ್ತೀರಿ. ಆ ಮನವಿಗೆ ನನ್ನ ಸಹಿಯೂ ಇದೆ. ಅದೇ ನೀವು ಭಾನುವಾರ ವೇದಿಕೆ ಮೇಲೆ ನಿಂತು, ನಮ್ಮಲ್ಲಿ ಜಾತಿ ಇಲ್ಲ ಅಂತೀರಿ. ದೆಹಲಿಯಲ್ಲಿ ಇರೋ ಜಾತಿ ಬಿಳಿಕೆರೆಯಲ್ಲಿ ಎಲ್ಲಿ ಹೋಗುತ್ತೆ? ಕೋರ್ಟು ಸೂಸೈಗೆ ದಾಖಲೆ ಕೊಡಪ್ಪ ಅಂತ ಕೇಳಿತು. ದಾಖಲೆ ಇರೋದು ನಿಮ್ಮ ನಡಾವಳಿ ಪುಸ್ತಕದಲ್ಲಿ, ಮದುವೆ ರಿಜಿಸ್ಟರಿನಲ್ಲಿ, ಸಮಾಧಿ ಸಾಲಿನಲ್ಲಿ. ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ಬರೆದಿಟ್ಟು, ಇಲ್ಲಿ ಕಷ್ಟ ಇದೆ ಅಂದ್ರೆ ಯಾರು ನಂಬ್ತಾರೆ? ಸರ್ಕಾರ, ನೀವು ಒಂದೇ ಪಾತ್ರೆಯಲ್ಲಿ ಕುಡಿದಿರಿ, ನಿಮಗೆ ಜಾತಿ ಇಲ್ಲ ಅಂತ ಬಾಗಿಲು ಹಾಕುತ್ತೆ. ಸಭೆ, ಕುಡಿದ ಪಾತ್ರೆಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕುತ್ತೆ. ಎರಡು ಬೀಗದ ಮಧ್ಯೆ ಸಿಕ್ಕಿರೋನು ಒಬ್ಬನೇ.

ಇನ್ನು ನಮ್ಮ ಸಂಘಟನೆಯ ಗೆಳೆಯರಿಗೆ. ಬಾಬಾಸಾಹೇಬರು ಕ್ರೈಸ್ತ ಧರ್ಮಕ್ಕೆ ಹೋಗಲಿಲ್ಲ ಅಂತ ನನಗೆ ಪದೇ ಪದೇ ನೆನಪು ಮಾಡ್ತೀರಿ. ಗೊತ್ತು. ಮತಾಂತರ ಆದ ಅಸ್ಪೃಶ್ಯರ ಸ್ಥಿತಿ ಬಗ್ಗೆ ಅವರು ಬರೆದಿರೋ ಲೇಖನವನ್ನ ನಾನೂ ಓದಿದೀನಿ. ಜಾತಿಯನ್ನ ಚರ್ಚು ಒಡೀಲಿಲ್ಲ, ಮತಾಂತರ ಆದವನ ಪರ ಹೋರಾಟಕ್ಕೂ ನಿಲ್ಲಲಿಲ್ಲ ಅನ್ನೋ ಅವರ ಆಪಾದನೆ ನಿಜ. ಸಭೆ ಹಿರಿಯನಾಗಿ ಅದನ್ನ ಒಪ್ಕೊಳ್ತೀನಿ. ಆದ್ರೆ ಅದನ್ನ ನನಗೆ ಹೇಳೋ ಗೆಳೆಯರು ಒಂದು ಕೆಲಸ ಮಾಡಿ. ಆಗಸ್ಟ್ 2025ರಲ್ಲಿ ಒಳಮೀಸಲಾತಿ 6, 6, 5 ಅಂತ ತೀರ್ಮಾನ ಆದಾಗ ನಮ್ಮ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎಡಗೈನವರ ಬಗ್ಗೆ ಬಲಗೈನವರು, ಬಲಗೈನವರ ಬಗ್ಗೆ ಎಡಗೈನವರು ಏನೇನು ಬರೆದರು ಅಂತ ಒಂದ್ಸಲ ತೆಗೆದು ಓದಿ. ನಮ್ಮ ಅಂಬೇಡ್ಕರ್ ಭವನದಲ್ಲಿ ಒಂದು ಮದುವೆ ಊಟಕ್ಕೆ ಇನ್ನೊಂದು ಕೇರಿಯವರು ಎಷ್ಟು ಜನ ಬಂದು ಉಂಡಿದ್ದಾರೆ ಲೆಕ್ಕ ಹಾಕಿ. ಸೂರಿನ ಕೆಳಗಿನ ಎರಡನೇ ಥರದ ಲೋಟ ಯಾರಿಗೆ ಅಂತ ಇಟ್ಟಿದ್ದು ಅಂತ ನನಗೆ ದೊಡ್ಡವನಾದ ಮೇಲೆ ಗೊತ್ತಾಯ್ತು. ಅಪ್ಪ ಅವತ್ತು ಅಷ್ಟು ಕಾಳಜಿಯಿಂದ ಕೇಳಿದ್ದು ಯಾಕೆ ಅಂತಲೂ ಗೊತ್ತಾಯ್ತು. ತನ್ನದಲ್ಲದ್ದು, ಅಂದ್ರೆ ಆ ಇನ್ನೊಂದು ಕೇರಿಯದ್ದು, ಅಪ್ಪಿತಪ್ಪಿ ತನ್ನ ಬಾಯಿಗೆ ಬರಬಾರದು ಅಂತ.

ನನ್ನ ಅಪ್ಪ ದೇವರಂಥ ಮನುಷ್ಯ. ಆದರೂ ಇದು ನಿಜ. ಇದನ್ನ ಬರೆಯಕ್ಕೆ ನನಗೆ ಎರಡು ವಾರ ಬೇಕಾಯ್ತು.

1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದದ್ದು ದಾಹಕ್ಕಲ್ಲ ಅಂತ ನಾವೆಲ್ಲ ಭಾಷಣ ಮಾಡ್ತೀವಿ. ಅದೇ ವರ್ಷ ಡಿಸೆಂಬರ್ 25ಕ್ಕೆ, ನಮ್ಮ ಚರ್ಚುಗಳು ನಕ್ಷತ್ರ ಕಟ್ಟೋ ದಿನ, ಅವರು ಮನುಸ್ಮೃತಿ ಸುಟ್ಟರು. ಮಹಾಡಿನ ನೀರೂ ನಮ್ಮ ದ್ರಾಕ್ಷಾರಸವೂ ನನಗೆ ಬೇರೆ ಬೇರೆ ಅನಿಸಿಲ್ಲ. ಎರಡೂ ಕಡೆ ಕೇಳೋದು ಒಂದೇ, ನಾನು ಮುಟ್ಟಿದ್ದನ್ನ ನೀನು ಕುಡೀತೀಯಾ? ಈ ಪ್ರಶ್ನೆಯನ್ನ ತಿಂಗಳಿಗೊಮ್ಮೆ ಎಲ್ಲರ ಮುಂದೆ, ಬೆಳಕಿನಲ್ಲಿ ಕೇಳೋ ಒಂದು ಮೇಜು ನನಗೆ ಸಿಕ್ಕಿದೆ. ಅದನ್ನ ಬಿಟ್ಟು ಎದ್ದು ಬರೋದು ಸುಲಭ. ಬಿಟ್ಟರೆ ಅದು ಎರಡು ಲೋಟದವರ ಪಾಲಾಗುತ್ತೆ.

ಹಾಗಾಗಿ ಟೀ ಅಂಗಡಿ ಮುಂದೆ ಕೇಳಿದ ತಮ್ಮನಿಗೆ ನನ್ನ ಉತ್ತರ ಇಷ್ಟು. ಅಲ್ಲಿ ಜಾತಿ ಇದೆ, ಅದಕ್ಕೇ ನಾನು ದಲಿತ. ಅಲ್ಲಿ ಒಂದೇ ಪಾತ್ರೆಯೂ ಇದೆ, ಅದಕ್ಕೇ ಅಲ್ಲಿದೀನಿ.

ಮುಂದಿನ ಕಮಿಟಿಗೆ ನಾನು ಲಿಖಿತವಾಗಿ ಕೊಡ್ತಿರೋದು ಇವು. ಬೇರೆ ಸಭೆಗಳ ಹಿರಿಯರೂ ತಮ್ಮ ತಮ್ಮಲ್ಲಿ ಇಡಬಹುದು.

1. ಎರಡು ಥರ ಬೇಡ. ಎಲ್ಲರಿಗೂ ಒಂದೇ ಪಾತ್ರೆ. ಕಾಯಿಲೆ ಇರೋರಿಗೆ ರೊಟ್ಟಿ ಮಾತ್ರ.

2. ಸಾಲು ಪ್ರತಿ ತಿಂಗಳು ಹಿಂದಿನ ಬೆಂಚಿನಿಂದ ಶುರುವಾಗಲಿ.

3. ಹೊಸ ಕುಟುಂಬಗಳಿಂದ ಇಬ್ಬರು ಕಮಿಟಿಗೆ ಬರಲಿ, ಅದರಲ್ಲಿ ಒಬ್ಬಳು ಹೆಣ್ಣುಮಗಳು.

4. ಸಮಾಧಿಗೆ ಜಾಗ ಸರದಿ ಪ್ರಕಾರ. ಇಂಥ ಮನೆತನಕ್ಕೆ ಇಂಥ ಸಾಲು ಅನ್ನೋದು ನಿಲ್ಲಲಿ.

5. ಸಭೆಯೊಳಗೆ ಜಾತಿ ಅವಮಾನ ಆದರೆ ಅದನ್ನ ನಡಾವಳಿಯಲ್ಲಿ ಬರೀಬೇಕು. ಮುಚ್ಚಿಡೋದು ಸಾಕ್ಷ್ಯ ನಾಶ.

ಹಿಂದಿನ ಠರಾವಿನ ಪುಟದಲ್ಲಿ "ಸರ್ವಾನುಮತದಿಂದ" ಅನ್ನೋದರ ಪಕ್ಕ ನಾನು ನನ್ನ ವಿರೋಧವನ್ನ ತಾರೀಖು ಹಾಕಿ ಬರೆದಿದೀನಿ. ಮುಗಿದ ನಡಾವಳಿಗೆ ಆಮೇಲೆ ಬರೆಯೋದು ನಿಯಮಕ್ಕೆ ವಿರುದ್ಧ ಅಂತ ಗುಮಾಸ್ತನಿಗೆ ಗೊತ್ತಿಲ್ಲದೆ ಇಲ್ಲ. ಏನು ಕ್ರಮ ತಗೋತಾರೋ ತಗೊಳ್ಳಲಿ.

ಆ ಭಾನುವಾರ ಅಜ್ಜಿಗೆ ಏನು ಹೇಳಿದೆ ಅಂತ ಕೇಳ್ತೀರಿ. ಏನೂ ಹೇಳಲಿಲ್ಲ, ಗಂಟಲು ಕಟ್ಟಿತ್ತು. ಅಯ್ಯನವರು ನಮ್ಮಿಬ್ಬರ ಮುಖ ನೋಡಿ ಪಾತ್ರೆಯನ್ನ ಅವಳ ತುಟಿಗೆ ಹಿಡಿದರು. ಅವಳ ಮನೆಯವರು ಆರು ಜನ ಅವಳ ಹಿಂದೆ ಬಂದು ಕುಡಿದರು. ಆ ಕಡೆ ಸಾಲಿನಿಂದ ಯಾರೂ ಈ ಕಡೆ ಬರಲಿಲ್ಲ. ನನ್ನ ಅಕ್ಕ ಒಂದ್ಸಲ ತಿರುಗಿ ನೋಡಿದಳು, ಅಷ್ಟೇ. ಪಾತ್ರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಚೆಲ್ಲೋ ಹಾಗಿಲ್ಲವಲ್ಲ. ಅಂಚು ಒರೆಸದೇನೇ ನಾನು ಪೂರ್ತಿ ಕುಡಿದೆ.

ಮುಂದಿನ ಮೊದಲನೇ ಭಾನುವಾರವೂ ಅದೇ ಜಾಗದಲ್ಲಿ, ಅದೇ ಬಟ್ಟೆ ಹಿಡ್ಕೊಂಡು ನಿಂತಿರ್ತೀನಿ. ಅಕ್ಕ, ಈ ಪೋಸ್ಟ್ ನೀನೂ ಓದ್ತೀಯ ಅಂತ ಗೊತ್ತು. ಎಡಗಡೆಗೆ ಬಾ.

ಜೈಭೀಮ್.